ಪ್ಲೀ ಬಾರ್ಗೇನಿಂಗ್‌ನಲ್ಲಿ ಬಂದ ಸಜೆಯನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಬೇಕೇ, ಬೇಡವೇ?

ಪ್ರಶ್ನೆ: ಶರಾವತಿ ಸೀಮೆಯವಳು

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನ ಪ್ರಕರಣದ ಬಗ್ಗೆ ತಿಳಿದವರ ಸಲಹೆ ಬೇಕಾಗಿದೆ. ನಮ್ಮ ತವರು ಶಿವಮೊಗ್ಗ ಜಿಲ್ಲೆಯ ಮಲೆನಾಡು ಭಾಗದ ಒಂದು ಹಳ್ಳಿ. ಊರು, ತಾಲ್ಲೂಕುಗಳ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ನಮ್ಮ ಅಡಿಕೆ ತೋಟಕ್ಕೂ ಪಕ್ಕದವರ ತೋಟಕ್ಕೂ ಒಂದೇ ಹಳ್ಳದಿಂದ ನೀರು ಬರುತ್ತದೆ. 2022ರ ಬೇಸಿಗೆಯಲ್ಲಿ ನೀರು ಬಿಡುವ ಸರದಿಯ ವಿಷಯಕ್ಕೆ ಮಾತಿಗೆ ಮಾತು ಬೆಳೆದು, ತಮ್ಮ ಹೊಡೆದ ಏಟಿಗೆ ಪಕ್ಕದ ತೋಟದವರ ಮುಂಗೈ ಮೂಳೆ ಮುರಿಯಿತು. ಪೊಲೀಸರು ಭಾರತೀಯ ದಂಡ ಸಂಹಿತೆಯ 325ನೇ ಕಲಮಿನ (ತೀವ್ರ ಗಾಯ ಮಾಡಿದ ಅಪರಾಧ) ಅಡಿ ದೋಷಾರೋಪಣಾ ಪಟ್ಟಿ ಸಲ್ಲಿಸಿದರು. ಅವನು ಹೊಡೆದದ್ದು ನಿಜ, ಅದನ್ನು ನಾವು ಯಾರೂ ಅಲ್ಲಗಳೆಯುತ್ತಿಲ್ಲ. ಇದಕ್ಕೆ ಮೊದಲು ಅವನ ಮೇಲೆ ಯಾವ ಕೇಸೂ ಇರಲಿಲ್ಲ.

ವಿಚಾರಣೆ ಎಳೆಯುತ್ತಾ ಹೋದಾಗ ನಮ್ಮ ವಕೀಲರು, ಪ್ಲೀ ಬಾರ್ಗೇನಿಂಗ್ (ತಪ್ಪೊಪ್ಪಿಕೊಂಡು ಹಗುರ ಶಿಕ್ಷೆ ಪಡೆಯುವ ಒಪ್ಪಂದ) ಅರ್ಜಿ ಹಾಕಿದರೆ ಪರಿಹಾರ ಕೊಟ್ಟು ಬೇಗ ಮುಗಿಸಿಕೊಳ್ಳಬಹುದು, ಜೈಲಿನ ಮಾತು ಬರುವುದಿಲ್ಲ, ಮುಚ್ಚಳಿಕೆ ಬರೆಸಿಕೊಂಡು ಬಿಡುತ್ತಾರೆ ಎಂದರು. ತಮ್ಮ ಅರ್ಜಿಗೂ ಪ್ರಮಾಣಪತ್ರಕ್ಕೂ ಸಹಿ ಹಾಕಿದ. ನ್ಯಾಯಾಧೀಶರು ಅವನೊಬ್ಬನನ್ನೇ ಒಳಗೆ ಕರೆಸಿ, ಸ್ವಇಚ್ಛೆಯಿಂದ ಅರ್ಜಿ ಕೊಟ್ಟಿದ್ದೀಯಾ ಎಂದು ಕೇಳಿದರಂತೆ. ಇವನು ಹೌದು ಎಂದನಂತೆ. ಮಾತುಕತೆಯಾಗಿ ಗಾಯಗೊಂಡವರಿಗೆ ಒಂದೂವರೆ ಲಕ್ಷ ರೂಪಾಯಿ ಪರಿಹಾರ ನಿಗದಿಯಾಯಿತು, ಅದನ್ನು ಪೂರ್ತಿ ಕೊಟ್ಟಿದ್ದೇವೆ. ಆದರೆ ತೀರ್ಪಿನಲ್ಲಿ 21 ತಿಂಗಳ ಸಾದಾ ಸಜೆ ಬಂದಿತು. ಅವನೀಗ ಶಿವಮೊಗ್ಗದ ಕೇಂದ್ರ ಕಾರಾಗೃಹದಲ್ಲಿದ್ದಾನೆ.

ಮೇಲ್ಮನವಿ ಹಾಕೋಣವೆಂದರೆ ಇಂಥ ತೀರ್ಪಿಗೆ ಮೇಲ್ಮನವಿಯೇ ಇಲ್ಲ ಎನ್ನುತ್ತಾರೆ. ಇನ್ನೊಬ್ಬರು, ಇಡೀ ಒಪ್ಪಂದವನ್ನೇ ರದ್ದು ಮಾಡಿಸಿ ಎನ್ನುತ್ತಾರೆ. ಮತ್ತೊಬ್ಬರು, ಕೆದಕಿದರೆ ಏಳು ವರ್ಷವೂ ಆದೀತು, ಸುಮ್ಮನಿರಿ ಎನ್ನುತ್ತಾರೆ. ಅಪ್ಪನಿಗೆ ವಯಸ್ಸಾಗಿದೆ, ಮಳೆಗಾಲಕ್ಕೆ ಮೊದಲು ತೋಟಕ್ಕೆ ಔಷಧಿ ಹೊಡೆಸುವ ಓಡಾಟವೂ ಅವರಿಂದ ಆಗುವುದಿಲ್ಲ. ಆದರೂ ಅವಸರಕ್ಕೆ ಬಿದ್ದು ತಮ್ಮನ ಪರಿಸ್ಥಿತಿಯನ್ನು ಇನ್ನಷ್ಟು ಕೆಡಿಸಬಾರದು ಎಂಬ ಭಯ ನನಗಿದೆ. ದಯವಿಟ್ಟು ತಿಳಿಸಿ.

ಉತ್ತರ: ನಿವೃತ್ತ ವಕೀಲ, ಶಿವಮೊಗ್ಗ

ತಂಗಿ, ನಿಮಗೆ ಸಲಹೆ ಕೊಟ್ಟ ಮೂವರೂ ಅರ್ಧರ್ಧ ಸತ್ಯವನ್ನು ಹೇಳಿದ್ದಾರೆ, ಆದ್ದರಿಂದ ಮೊದಲು ಕಾನೂನು ಏನಿದೆ ಎಂಬುದನ್ನು ಬರೆಯುತ್ತೇನೆ.

ಪ್ಲೀ ಬಾರ್ಗೇನಿಂಗ್ ನಮ್ಮ ದಂಡ ಪ್ರಕ್ರಿಯಾ ಸಂಹಿತೆಗೆ 21ಎ ಅಧ್ಯಾಯವಾಗಿ ಸೇರಿ 2006ರ ಜುಲೈ 5ರಿಂದ ಜಾರಿಗೆ ಬಂದಿತು. ಅದಕ್ಕೆ ಮೊದಲು ಕಾನೂನು ಆಯೋಗವೂ, ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ವಿ. ಎಸ್. ಮಳೀಮಠ ಅವರ ಸಮಿತಿಯೂ ಇದನ್ನು ಶಿಫಾರಸು ಮಾಡಿದ್ದವು. ಏಳು ವರ್ಷಕ್ಕಿಂತ ಹೆಚ್ಚಿನ ಸಜೆ ಇರುವ ಅಪರಾಧಗಳಿಗೆ, ಮಹಿಳೆಯರ ಮತ್ತು 14 ವರ್ಷದೊಳಗಿನ ಮಕ್ಕಳ ವಿರುದ್ಧದ ಅಪರಾಧಗಳಿಗೆ, ದೇಶದ ಸಾಮಾಜಿಕ ಆರ್ಥಿಕ ಸ್ಥಿತಿಗೆ ಧಕ್ಕೆ ತರುವ ಅಪರಾಧಗಳಿಗೆ ಇದು ಅನ್ವಯಿಸುವುದಿಲ್ಲ. 325ನೇ ಕಲಮಿಗೆ ಗರಿಷ್ಠ ಸಜೆ ಸರಿಯಾಗಿ ಏಳು ವರ್ಷ, ಹಾಗಾಗಿ ಅದು ಈ ಅಧ್ಯಾಯದ ಒಳಗೇ ಬರುತ್ತದೆ. ನಿಮ್ಮ ಪ್ರಕರಣ 2022ರದ್ದಾಗಿ, 2024ರ ಜುಲೈ 1ರಂದು ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬರುವಾಗ ಬಾಕಿ ಇದ್ದುದರಿಂದ ಹಳೆಯ ಸಂಹಿತೆಯ ಪ್ರಕಾರವೇ ನಡೆದಿದೆ ಎಂದುಕೊಂಡು ಮುಂದೆ ಬರೆಯುತ್ತೇನೆ.

265ಜಿ ಕಲಮಿನ ಪ್ರಕಾರ ಇಂಥ ತೀರ್ಪು ಅಂತಿಮ, ಅದರ ಮೇಲೆ ಮೇಲ್ಮನವಿ ಇಲ್ಲ ಎಂಬುದು ನಿಜ. ಆದರೆ ಅದೇ ಕಲಮು ಮೂರು ದಾರಿಗಳನ್ನು ಹೆಸರು ಹೇಳಿ ಉಳಿಸಿಕೊಟ್ಟಿದೆ: ಸಂವಿಧಾನದ 226 ಮತ್ತು 227ನೇ ವಿಧಿಗಳ ಅಡಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಗೂ 136ನೇ ವಿಧಿಯ ಅಡಿ ಸುಪ್ರೀಂ ಕೋರ್ಟಿಗೆ ವಿಶೇಷ ಅನುಮತಿ ಅರ್ಜಿ. ವಾಸ್ತವದಲ್ಲಿ ನೀವು ಹೋಗಬೇಕಾದದ್ದು ಹೈಕೋರ್ಟಿಗೆ. ಅಲ್ಲಿ ಸಾಕ್ಷ್ಯವನ್ನು ಮತ್ತೆ ತೂಗುವುದಿಲ್ಲ. ಕೆಳಗಿನ ನ್ಯಾಯಾಲಯ ಕಾನೂನು ಹೇಳಿದ ಕ್ರಮದಲ್ಲಿ ನಡೆದಿದೆಯೇ ಎಂಬುದನ್ನು ಮಾತ್ರ ನೋಡುತ್ತಾರೆ.

ಇಲ್ಲಿ ನೀವು ಬಹಳ ಎಚ್ಚರದಿಂದ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಒಪ್ಪಂದವನ್ನೇ ಪ್ರಶ್ನಿಸುವುದು ಬೇರೆ, ಒಪ್ಪಂದವನ್ನು ಹಾಗೆಯೇ ಇಟ್ಟುಕೊಂಡು ಸಜೆಯನ್ನು ಮಾತ್ರ ಪ್ರಶ್ನಿಸುವುದು ಬೇರೆ. ಮೊದಲನೆಯದನ್ನು ಮಾಡಿದರೆ, ತಮ್ಮ ಸ್ವಇಚ್ಛೆಯಿಂದ ಅರ್ಜಿ ಕೊಡಲಿಲ್ಲ ಎಂದು ನೀವು ವಾದಿಸಬೇಕಾಗುತ್ತದೆ. ಕಾನೂನಿನಲ್ಲಿರುವ ಶಿಕ್ಷೆಯ ಸ್ವರೂಪವನ್ನೂ ಪ್ರಮಾಣವನ್ನೂ ತಿಳಿದುಕೊಂಡೇ ಈ ಅರ್ಜಿ ಕೊಡುತ್ತಿದ್ದೇನೆ ಎಂದು ಅವನು ಪ್ರಮಾಣಪತ್ರದಲ್ಲಿ ಬರೆದುಕೊಟ್ಟಿರುತ್ತಾನೆ, ಏಕೆಂದರೆ 265ಬಿ ಕಲಮು ಅದನ್ನು ಕಡ್ಡಾಯ ಮಾಡಿದೆ. ಒಳಗೆ ಕರೆಸಿ ಕೇಳಿದಾಗಲೂ ಹೌದು ಎಂದಿದ್ದಾನೆ. ವಕೀಲರು ಜೈಲಾಗುವುದಿಲ್ಲ ಎಂದಿದ್ದರು ಎಂಬ ಮಾತಿಗೆ ಹೈಕೋರ್ಟಿನಲ್ಲಿ ಹೆಚ್ಚು ತೂಕ ಸಿಗುವುದು ಕಷ್ಟ. ಈ ಪದ್ಧತಿಯಲ್ಲಿ ಕಕ್ಷಿದಾರರು ಪರಿಹಾರದ ಮೊತ್ತವನ್ನು ಮಾತಾಡಿಕೊಳ್ಳಬಹುದೇ ಹೊರತು ಸಜೆಯನ್ನು ತೀರ್ಮಾನಿಸುವವರು ನ್ಯಾಯಾಧೀಶರು.

ಎರಡನೆಯ ದಾರಿಯೇ ನಿಮಗೆ ಹೆಚ್ಚು ಒಗ್ಗುವಂತೆ ಕಾಣುತ್ತದೆ. 265ಇ ಕಲಮನ್ನು ಓದಿ ನೋಡಿ, ಅದರಲ್ಲಿ ಒಂದು ಕ್ರಮವಿದೆ. ಮೊದಲು ಪರಿಹಾರವನ್ನು ಕೊಡಿಸಿ, ಶಿಕ್ಷೆಯ ಪ್ರಮಾಣದ ಬಗ್ಗೆಯೂ, ಪ್ರೊಬೇಷನ್ ಮೇಲೆ, ಅಂದರೆ ಜೈಲಿಗೆ ಕಳುಹಿಸದೆ ಸನ್ನಡತೆಯ ಮುಚ್ಚಳಿಕೆಯ ಮೇಲೆ, ಬಿಡುವ ಬಗ್ಗೆಯೂ ಎರಡೂ ಕಡೆಯವರನ್ನು ಕೇಳಬೇಕು. ಸಂಹಿತೆಯ 360ನೇ ಕಲಮು ಅಥವಾ 1958ರ ಅಪರಾಧಿಗಳ ಪರಿವೀಕ್ಷಣಾ ಅಧಿನಿಯಮ ಅನ್ವಯಿಸುವಂತಿದ್ದರೆ ಅದರ ಪ್ರಯೋಜನ ಕೊಡಬಹುದು. ಅದೂ ಅಲ್ಲ, ಕನಿಷ್ಠ ಶಿಕ್ಷೆ ನಿಗದಿಯಾದ ಅಪರಾಧವೂ ಅಲ್ಲ ಎಂದಾದ ಮೇಲೆಯೇ ಗರಿಷ್ಠ ಶಿಕ್ಷೆಯ ನಾಲ್ಕನೇ ಒಂದು ಭಾಗದ ಮಾತು ಬರುವುದು. ಏಳು ವರ್ಷದ ನಾಲ್ಕನೇ ಒಂದು ಭಾಗ ಎಂದರೆ ನಿಖರವಾಗಿ 21 ತಿಂಗಳು. ಅಂದರೆ ನಿಮ್ಮ ನ್ಯಾಯಾಲಯ ನೇರವಾಗಿ ಕೊನೆಯ ಮೆಟ್ಟಿಲಿಗೆ ಹೋದಂತೆ ಕಾಣುತ್ತದೆ. ನಡುವಿನ ಮೆಟ್ಟಿಲಿನಲ್ಲಿ ನಿಂತು ಪ್ರೊಬೇಷನ್ ವಿಷಯವನ್ನು ಪರಿಶೀಲಿಸಿದೆಯೇ ಎಂಬುದು ತೀರ್ಪಿನಲ್ಲಿ ಗೊತ್ತಾಗುತ್ತದೆ.

ಇದರ ಜೊತೆಗೆ 361ನೇ ಕಲಮು ಇದೆ. ಪ್ರೊಬೇಷನ್ ಮೇಲೆ ಬಿಡಬಹುದಾದ ಪ್ರಕರಣದಲ್ಲಿ ಹಾಗೆ ಬಿಡದೆ ಸಜೆ ವಿಧಿಸಿದರೆ ಅದಕ್ಕೆ ವಿಶೇಷ ಕಾರಣಗಳನ್ನು ತೀರ್ಪಿನಲ್ಲಿ ದಾಖಲಿಸಲೇಬೇಕು ಎಂದು ಅದು ಹೇಳುತ್ತದೆ. ಹಿಂದೆ ಶಿಕ್ಷೆಯಾಗದ, 21 ವರ್ಷ ದಾಟಿದ ವ್ಯಕ್ತಿ ಏಳು ವರ್ಷ ಅಥವಾ ಅದಕ್ಕಿಂತ ಕಡಿಮೆ ಸಜೆಯ ಅಪರಾಧ ಮಾಡಿದ್ದರೆ 360ನೇ ಕಲಮು ಅನ್ವಯಿಸುತ್ತದೆ. ನಿಮ್ಮ ತಮ್ಮ ಆ ಅಳತೆಗೆ ಸರಿಯಾಗಿ ಕೂರುತ್ತಾನೆ. ಕಾರಣ ಬರೆಯದೇ ಇದ್ದರೆ ಅದು ಕಾನೂನಿನ ದೋಷ, ಮತ್ತು ಅದನ್ನು ಸರಿಪಡಿಸಲು ತಪ್ಪೊಪ್ಪಿಗೆಯನ್ನು ಹಿಂತೆಗೆದುಕೊಳ್ಳುವ ಅಗತ್ಯವಿಲ್ಲ. ತೀರ್ಪು, ಆರ್ಡರ್ ಶೀಟ್ (ಪ್ರತಿ ದಿನದ ಕಲಾಪದ ದಾಖಲೆ), ಅರ್ಜಿ, ಪ್ರಮಾಣಪತ್ರ ಮತ್ತು ಮಾತುಕತೆಯ ವರದಿ ಇವೆಲ್ಲದರ ದೃಢೀಕೃತ ನಕಲು ಪಡೆಯುವವರೆಗೆ ಯಾವ ನಿರ್ಧಾರವನ್ನೂ ಮಾಡಬೇಡಿ.

ಉತ್ತರ: ಅಡಿಕೆ ಬೆಳೆಗಾರ, ತೀರ್ಥಹಳ್ಳಿ ಕಡೆ

ವಕೀಲರು ಬರೆದಿರುವುದನ್ನು ಒಪ್ಪುತ್ತೇನೆ, ಆದರೆ ಮನೆಯವರ ಕಡೆಯಿಂದ ಒಂದು ಮಾತು ಹೇಳಬೇಕು. ನಮ್ಮ ಬಂಧುಗಳೊಬ್ಬರ ಮನೆಯಲ್ಲಿ ಹೊಡೆದಾಟದ ಕೇಸು ವರ್ಷಗಟ್ಟಲೆ ನಡೆದದ್ದನ್ನು ಹತ್ತಿರದಿಂದ ಕಂಡಿದ್ದೇನೆ. ಒಪ್ಪಂದ ರದ್ದಾಗಿ ಕೇಸು ಮತ್ತೆ ವಿಚಾರಣೆಗೆ ಬಂದರೆ ಗಾಯದ ಪ್ರಮಾಣಪತ್ರ, ಎಕ್ಸ್-ರೇ, ಡಾಕ್ಟರ ಸಾಕ್ಷ್ಯ, ಸುತ್ತಲಿನ ತೋಟದವರ ಸಾಕ್ಷ್ಯ ಎಲ್ಲವೂ ಬರುತ್ತವೆ. ಹೊಡೆದದ್ದು ನಿಜ ಎಂದು ನೀವೇ ಬರೆದಿದ್ದೀರಿ. ಹಾಗಿರುವಾಗ ವಿಚಾರಣೆಯಲ್ಲಿ ಬಿಡುಗಡೆಯಾಗುತ್ತದೆ ಎಂಬ ನಂಬಿಕೆಯಿಂದ ಒಪ್ಪಂದ ಮುರಿಯಲು ಹೋಗುವುದು ನನಗೆ ಸರಿ ಕಾಣುವುದಿಲ್ಲ. ಕೊಟ್ಟ ಪರಿಹಾರದ ಹಣ ಹಿಂದೆ ಬರುತ್ತದೆ ಎಂದೂ ಲೆಕ್ಕ ಹಾಕಬೇಡಿ. ಆ ಹಣ ಅವರ ಕೈ ಚಿಕಿತ್ಸೆಗೆ ಹೋಗಿರುತ್ತದೆ, ಹೋಗಬೇಕಾದದ್ದೂ ಅಲ್ಲಿಗೇ.

ಇನ್ನೊಂದು ವಿಷಯ. ನಾಳೆಯೂ ಅದೇ ಹಳ್ಳದ ನೀರು, ಅದೇ ಕಾಲುವೆ, ಅದೇ ನೆರೆಯವರು. ನೀವು ಯಾವ ಅರ್ಜಿ ಹಾಕಿದರೂ ಅದರಲ್ಲಿ ಬರೆಯುವ ಪ್ರತಿ ಮಾತೂ ಆ ಮನೆಗೆ ತಲುಪುತ್ತದೆ. ಗಾಯ ಸಣ್ಣದಾಗಿತ್ತು, ಅವರೇ ಮೊದಲು ಬೈದರು ಎಂದೆಲ್ಲ ಬರೆಸಿದರೆ ಈಗ ತಣ್ಣಗಾಗಿರುವ ದ್ವೇಷ ಮತ್ತೆ ಹೊತ್ತಿಕೊಳ್ಳುತ್ತದೆ. ಸಜೆಯ ವಿಷಯವನ್ನು ಮಾತ್ರ ಪ್ರಶ್ನಿಸುವ ಅರ್ಜಿಯಲ್ಲಿ ಅವರನ್ನು ದೂರುವ ಅಗತ್ಯವೇ ಬರುವುದಿಲ್ಲ ಎಂಬುದು ನನಗೆ ದೊಡ್ಡ ಅನುಕೂಲವಾಗಿ ಕಾಣುತ್ತದೆ.

ಕಡೆಯದಾಗಿ, ಇದನ್ನೆಲ್ಲ ನಿಮ್ಮ ತಮ್ಮನನ್ನು ಕೇಳಿದ್ದೀರಾ? ಜೈಲಿನಲ್ಲಿರುವವನು ಅವನು. ನಿಮ್ಮ ಪತ್ರದಲ್ಲಿ ಅಪ್ಪನ ಕಷ್ಟವಿದೆ, ನಿಮ್ಮ ಭಯವಿದೆ, ಅವನ ಅಭಿಪ್ರಾಯ ಕಾಣಲಿಲ್ಲ. ತೋಟದ ಔಷಧಿಯ ಕೆಲಸಕ್ಕೆ ಊರಿನವರು ಒಂದು ವರ್ಷದ ಮಟ್ಟಿಗೆ ಕೈ ಜೋಡಿಸಿಯಾರು, ಆ ಚಿಂತೆಯೊಂದೇ ನಿಮ್ಮ ನಿರ್ಧಾರಕ್ಕೆ ಕಾರಣವಾಗುವುದು ಬೇಡ.

ಉತ್ತರ: ಸಿದ್ದಾಪುರದವ

ಹೈಕೋರ್ಟಿಗೆ ಹೋಗುವುದಾದರೆ ಧಾರವಾಡ ಪೀಠಕ್ಕೆ ಹೋಗಬಹುದಲ್ಲ, ನಮಗೆ ಅದೇ ಹತ್ತಿರ. ಬೆಂಗಳೂರಿನ ಖರ್ಚು ತಪ್ಪುತ್ತದೆ.

ಉತ್ತರ: ಕಾನೂನು ನೆರವು ವಕೀಲೆ, ಸಾಗರ

ಸಿದ್ದಾಪುರದವರಿಗೆ: ನಿಮ್ಮದು ಉತ್ತರ ಕನ್ನಡ ಜಿಲ್ಲೆಯಾದ್ದರಿಂದ ನಿಮಗೆ ಧಾರವಾಡ ಪೀಠ. ಶಿವಮೊಗ್ಗ ಜಿಲ್ಲೆಯ ಪ್ರಕರಣಗಳು ಬೆಂಗಳೂರಿನ ಪ್ರಧಾನ ಪೀಠಕ್ಕೇ ಹೋಗಬೇಕು, ದೂರ ಹತ್ತಿರ ನೋಡಿ ಆರಿಸಿಕೊಳ್ಳುವ ಅವಕಾಶವಿಲ್ಲ.

ಖರ್ಚಿನ ವಿಷಯಕ್ಕೆ ಬಂದರೆ, ಅಕ್ಕಾ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದ 12ನೇ ಕಲಮಿನ ಪ್ರಕಾರ ಬಂಧನದಲ್ಲಿರುವ ವ್ಯಕ್ತಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿನ ಹಕ್ಕಿದೆ. ತಮ್ಮ ಜೈಲಿನಿಂದಲೇ ಅರ್ಜಿ ಕೊಡಬಹುದು. ನೀವು ಶಿವಮೊಗ್ಗದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಕೇಳಿದರೆ ಬೆಂಗಳೂರಿನ ಹೈಕೋರ್ಟ್ ಕಾನೂನು ಸೇವೆಗಳ ಸಮಿತಿಗೆ ಕಾಗದಪತ್ರ ಕಳುಹಿಸುವ ವ್ಯವಸ್ಥೆ ಮಾಡುತ್ತಾರೆ. 15100 ಸಂಖ್ಯೆಗೆ ಕರೆ ಮಾಡಿಯೂ ವಿಚಾರಿಸಬಹುದು.

ಹಿರಿಯ ವಕೀಲರ ಮಾತಿಗೆ ಎರಡು ಸೇರ್ಪಡೆಗಳಿವೆ. ಒಪ್ಪಂದ ರದ್ದಾದರೆ ತಮ್ಮ ತಪ್ಪೊಪ್ಪಿಕೊಂಡದ್ದೇ ಅವನಿಗೆ ಮುಳುವಾಗುತ್ತದೆ ಎಂಬ ಭಯ ಹಲವರಲ್ಲಿದೆ. ಅದು ಹಾಗಲ್ಲ. ಪ್ಲೀ ಬಾರ್ಗೇನಿಂಗ್ ಅರ್ಜಿಯಲ್ಲಿ ಆರೋಪಿ ಹೇಳಿದ ಮಾತುಗಳನ್ನು ಆ ಅಧ್ಯಾಯದ ಉದ್ದೇಶಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಬಳಸಬಾರದು ಎಂದು 265ಕೆ ಕಲಮು ಹೇಳುತ್ತದೆ. ಅರ್ಜಿ ಸ್ವಇಚ್ಛೆಯದಲ್ಲ ಎಂದು ನ್ಯಾಯಾಲಯಕ್ಕೆ ಕಂಡುಬಂದರೆ ಕೇಸು ಅರ್ಜಿ ಹಾಕಿದ ಹಂತದಿಂದಲೇ ಮುಂದುವರಿಯುತ್ತದೆ. ಆದರೂ ಬೆಳೆಗಾರರು ಹೇಳಿದಂತೆ ಉಳಿದ ಸಾಕ್ಷ್ಯ ಅಲ್ಲೇ ಇರುತ್ತದೆ, ಗರಿಷ್ಠ ಏಳು ವರ್ಷದ ಕತ್ತಿಯೂ ತಲೆಯ ಮೇಲೆ ಇರುತ್ತದೆ. ನಮ್ಮ ರಾಜ್ಯದ್ದೇ ಆದ ತಿಪ್ಪಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವಿಷಯವನ್ನು ಸ್ಪಷ್ಟವಾಗಿ ಹೇಳಿದೆ. ಹಗುರ ಶಿಕ್ಷೆಯ ಆಸೆ ತೋರಿಸಿ ತಪ್ಪೊಪ್ಪಿಸಿ, ಆಮೇಲೆ ಮೇಲಿನ ನ್ಯಾಯಾಲಯದಲ್ಲಿ ಶಿಕ್ಷೆಯನ್ನು ಹೆಚ್ಚಿಸುವುದು ಸಂವಿಧಾನದ 21ನೇ ವಿಧಿಗೆ ವಿರುದ್ಧ. ಹಾಗೆ ಆಗಿದ್ದರೆ ತಪ್ಪೊಪ್ಪಿಗೆಯ ಮೇಲಿನ ಶಿಕ್ಷೆಯನ್ನೇ ತೆಗೆದುಹಾಕಿ ವಿಚಾರಣೆಗೆ ಅವಕಾಶ ಕೊಡಬೇಕು ಎಂಬುದು ಅಲ್ಲಿನ ನಿಲುವು. ಅದು ಈ ಅಧ್ಯಾಯ ಬರುವುದಕ್ಕೂ ಬಹಳ ಮೊದಲಿನ ತೀರ್ಪು. ಹಾಗಿದ್ದರೂ ಅದರಿಂದ ಒಂದು ವಿಷಯ ತಿಳಿಯುತ್ತದೆ: ತಪ್ಪೊಪ್ಪಿಗೆ ನ್ಯಾಯವಾಗಿರಲಿಲ್ಲ ಎಂದು ಗೆದ್ದವನಿಗೆ ಸಿಗುವುದು ಬಿಡುಗಡೆಯಲ್ಲ, ವಿಚಾರಣೆ.

ಎರಡನೆಯದು ನನಗೆ ಬಹಳ ಸಂಕಟ ತರುವ ವಿಷಯ. 325ನೇ ಕಲಮಿನ ಅಪರಾಧವನ್ನು ನ್ಯಾಯಾಲಯದ ಅನುಮತಿ ಪಡೆದು ಗಾಯಗೊಂಡ ವ್ಯಕ್ತಿಯೇ ರಾಜಿ ಮಾಡಿಕೊಳ್ಳಬಹುದು ಎಂದು 320ನೇ ಕಲಮು ಹೇಳುತ್ತದೆ, ಮತ್ತು ಹಾಗೆ ಆದ ರಾಜಿಯ ಪರಿಣಾಮ ಖುಲಾಸೆ. ಪ್ಲೀ ಬಾರ್ಗೇನಿಂಗ್‌ನಲ್ಲಿ ಎಷ್ಟೇ ಪರಿಹಾರ ಕೊಟ್ಟರೂ ಅದು ಅಪರಾಧ ನಿರ್ಣಯವೇ. ನಮ್ಮ ಕಡೆಯ ಬಹುಪಾಲು ಜನರಿಗೆ ಈ ಎರಡೂ ಒಂದೇ ಎಂಬ ಭಾವನೆ ಇದೆ, ಎರಡನ್ನೂ ರಾಜಿ ಎಂದೇ ಕರೆಯುತ್ತಾರೆ. ಒಂದೂವರೆ ಲಕ್ಷ ಕೊಡಲು ನೀವು ಸಿದ್ಧರಿದ್ದಿರಿ, ತೆಗೆದುಕೊಳ್ಳಲು ಅವರು ಸಿದ್ಧರಿದ್ದರು ಎಂದ ಮೇಲೆ ಲೋಕ ಅದಾಲತ್‌ನಲ್ಲಿಯೋ ಅದೇ ನ್ಯಾಯಾಲಯದಲ್ಲಿಯೋ 320ನೇ ಕಲಮಿನ ಅಡಿಯಲ್ಲೇ ಮುಗಿಯಬಹುದಾಗಿದ್ದ ಪ್ರಕರಣವಿದು.

ಈಗಲೂ ಆ ಬಾಗಿಲು ಪೂರ್ತಿ ಮುಚ್ಚಿಲ್ಲ. ಹೈಕೋರ್ಟಿಗೆ ಅಂತರ್ಗತ ಅಧಿಕಾರ, ಅಂದರೆ ನ್ಯಾಯ ಒದಗಿಸಲು ಬೇಕಾದ ಆದೇಶ ಮಾಡುವ ಅಧಿಕಾರ, ಇದೆ. ಹಳೆಯ ಸಂಹಿತೆಯಲ್ಲಿ ಅದು 482ನೇ ಕಲಮು, ಹೊಸದರಲ್ಲಿ 528ನೇ ಕಲಮು. 2021ರಲ್ಲಿ ರಾಮಗೋಪಾಲ್ ವಿರುದ್ಧ ಮಧ್ಯಪ್ರದೇಶ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಶಿಕ್ಷೆಯಾದ ನಂತರ ಆದ ರಾಜಿಯನ್ನು ಒಪ್ಪಿ ಪ್ರಕರಣವನ್ನು ರದ್ದುಪಡಿಸುವ ಅಧಿಕಾರ ಹೈಕೋರ್ಟಿಗೆ ಇದೆ ಎಂದಿತು. ಅಪರಾಧ ಸಮಾಜದ ಮನಸ್ಸಾಕ್ಷಿಯ ಮೇಲೆ ಬೀರುವ ಪರಿಣಾಮ, ಗಾಯದ ತೀವ್ರತೆ, ರಾಜಿ ಬಲವಂತದ್ದೋ ಮನಃಪೂರ್ವಕವಾದದ್ದೋ, ಘಟನೆಯ ಮೊದಲು ಮತ್ತು ನಂತರ ಆರೋಪಿಯ ನಡತೆ ಹೇಗಿತ್ತು ಎಂಬುದನ್ನೆಲ್ಲ ನೋಡಿ ಆ ಅಧಿಕಾರವನ್ನು ಎಚ್ಚರದಿಂದ ಬಳಸಬೇಕು ಎಂದೂ ಹೇಳಿತು. ಇದಕ್ಕೆ ಗಾಯಗೊಂಡವರು ತಾವಾಗಿಯೇ ಪ್ರಮಾಣಪತ್ರ ಕೊಡಬೇಕು. ಅವರ ಮೇಲೆ ಊರಿನವರಿಂದ ಒತ್ತಡ ಹೇರಿಸುವ ಕೆಲಸವನ್ನು ಮಾತ್ರ ದಯವಿಟ್ಟು ಮಾಡಬೇಡಿ. ಅದು ಅನ್ಯಾಯ, ಮತ್ತು ನ್ಯಾಯಾಲಯಕ್ಕೆ ಗೊತ್ತಾದರೆ ಇಡೀ ಅರ್ಜಿ ಬಿದ್ದುಹೋಗುತ್ತದೆ.

ಪ್ರಶ್ನೆ ಕೇಳಿದವರು: ಶರಾವತಿ ಸೀಮೆಯವಳು

ಎಲ್ಲರಿಗೂ ಮನಸಾರೆ ಕೃತಜ್ಞತೆಗಳು. ನಕಲುಗಳು ಕೈಗೆ ಬಂದಿವೆ. ತೀರ್ಪನ್ನು ಓದಿದೆ; ಅದರಲ್ಲಿ ಪರಿಹಾರದ ವಿಷಯವಿದೆ, 265ಇ ಕಲಮಿನ ಉಲ್ಲೇಖವಿದೆ, ಕೂಡಲೇ 21 ತಿಂಗಳ ಸಜೆಯ ಮಾತಿದೆ. ಪ್ರೊಬೇಷನ್ ಎಂಬ ಪದವಾಗಲಿ, 360 ಅಥವಾ 361ನೇ ಕಲಮಾಗಲಿ, ಏಕೆ ಬಿಡಬಾರದು ಎಂಬ ಕಾರಣವಾಗಲಿ ಎಲ್ಲಿಯೂ ಇಲ್ಲ. ನಮ್ಮ ವಕೀಲರು ಆ ದಿನ ಪ್ರೊಬೇಷನ್ ಕೇಳಿದ್ದರೆಂದು ಆರ್ಡರ್ ಶೀಟಿನಲ್ಲಿ ಒಂದು ಸಾಲು ಮಾತ್ರ ಇದೆ.

ತಮ್ಮನನ್ನು ಕೇಳಿದೆ. ಅವನು, ಹೊಡೆದಿಲ್ಲ ಎಂದು ಕೋರ್ಟಿನಲ್ಲಿ ಹೇಳಲು ನನ್ನಿಂದ ಸಾಧ್ಯವಿಲ್ಲ, ಆದರೆ ಸಜೆ ಕಡಿಮೆಯಾಗುವ ದಾರಿ ಇದ್ದರೆ ನೋಡು ಅಕ್ಕ ಎಂದ. ಪಕ್ಕದ ತೋಟದವರ ಮನೆಗೆ ಅಪ್ಪ ಒಬ್ಬರೇ ಹೋಗಿ ಬಂದರು. ಅವರು, ಜೈಲಿಗೆ ಹೋಗಲಿ ಎಂದು ನಾನು ಬಯಸಿರಲಿಲ್ಲ ಎಂದರಂತೆ, ಪ್ರಮಾಣಪತ್ರದ ವಿಷಯಕ್ಕೆ ಮಾತ್ರ ಯೋಚಿಸಬೇಕು ಎಂದರಂತೆ. ಹೀಗಿರುವಾಗ ಅವರ ಒಪ್ಪಿಗೆಗಾಗಿ ಕಾಯಬೇಕೇ, ಅಥವಾ ಸಜೆಯ ಅರ್ಜಿಯನ್ನು ಈಗಲೇ ಹಾಕಬೇಕೇ? ಹೊಸ ಕಾನೂನಿನಲ್ಲಿ ಮೊದಲ ಸಲ ತಪ್ಪು ಮಾಡಿದವರಿಗೆ ಶಿಕ್ಷೆ ಇನ್ನೂ ಕಡಿಮೆ ಎಂದು ಯಾರೋ ಹೇಳಿದರು, ಅದು ನಮಗೆ ಅನ್ವಯಿಸುತ್ತದೆಯೇ?

ಉತ್ತರ: ನಿವೃತ್ತ ವಕೀಲ, ಶಿವಮೊಗ್ಗ

ತಂಗಿ, ನೀವು ಬರೆದ ಆ ಒಂದು ಸಾಲು ಬಹಳ ಮುಖ್ಯವಾದದ್ದು. ಪ್ರೊಬೇಷನ್ ಕೇಳಿದ್ದು ದಾಖಲೆಯಲ್ಲಿದೆ, ಅದಕ್ಕೆ ತೀರ್ಪಿನಲ್ಲಿ ಉತ್ತರವಿಲ್ಲ. ಇದಕ್ಕಿಂತ ಸ್ಪಷ್ಟವಾದ ಆಧಾರ ಇಂಥ ಪ್ರಕರಣಗಳಲ್ಲಿ ಸಿಗುವುದು ಅಪರೂಪ. ನನ್ನ ಅಭಿಪ್ರಾಯದಲ್ಲಿ ನೀವು ಸಜೆಯನ್ನು ಪ್ರಶ್ನಿಸಲೇಬೇಕು, ಒಪ್ಪಂದವನ್ನು ಮುಟ್ಟಬಾರದು.

ಹೊಸ ಸಂಹಿತೆಯ ಬಗ್ಗೆ ಕೇಳಿದ್ದೀರಿ. ಕನಿಷ್ಠ ಶಿಕ್ಷೆ ನಿಗದಿಯಾಗದ ಅಪರಾಧಗಳಲ್ಲಿ, ಹಿಂದೆ ಶಿಕ್ಷೆಯಾಗದವನಿಗೆ ಗರಿಷ್ಠ ಶಿಕ್ಷೆಯ ಆರನೇ ಒಂದು ಭಾಗ ವಿಧಿಸಬಹುದು ಎಂಬ ಮಾತು ಅದರಲ್ಲಿದೆ. ಏಳು ವರ್ಷಕ್ಕೆ ಲೆಕ್ಕ ಹಾಕಿದರೆ 14 ತಿಂಗಳು. ಬಾಕಿ ಇದ್ದ ಪ್ರಕರಣಗಳು ಹಳೆಯ ಸಂಹಿತೆಯಂತೆಯೇ ಮುಂದುವರಿಯಬೇಕು ಎಂದು ಹೊಸ ಸಂಹಿತೆಯ 531ನೇ ಕಲಮು ಹೇಳುವುದರಿಂದ ಅದನ್ನು ಹಕ್ಕೆಂದು ಕೇಳುವುದು ಕಷ್ಟ. ಆದರೆ ಮೊದಲ ಸಲದ ಅಪರಾಧಿಗಳ ಬಗ್ಗೆ ಶಾಸನದ ಧೋರಣೆ ಈಗ ಮೃದುವಾಗಿದೆ ಎಂದು ತೋರಿಸಲು ಅರ್ಜಿಯಲ್ಲಿ ಒಂದು ಪರ್ಯಾಯ ಕೋರಿಕೆಯಾಗಿ ಅದನ್ನು ಸೇರಿಸಿ. ಮುಖ್ಯ ವಾದ 265ಇ ಮತ್ತು 361ನೇ ಕಲಮುಗಳದ್ದೇ ಆಗಿರಲಿ.

ಕಾಯುವುದು ಬೇಡ. ರಿಟ್ ಅರ್ಜಿಗೆ ಇಂತಿಷ್ಟೇ ದಿನ ಎಂಬ ಗಡುವು ಇಲ್ಲದಿದ್ದರೂ ವಿಳಂಬಕ್ಕೆ ಕಾರಣ ಕೇಳುತ್ತಾರೆ, ಅದಕ್ಕಿಂತ ಹೆಚ್ಚಾಗಿ ಅವನ ಸಜೆ ದಿನದಿನಕ್ಕೂ ಕಳೆಯುತ್ತಿದೆ. ಪೂರ್ತಿ ಅನುಭವಿಸಿದ ಮೇಲೆ ಗೆದ್ದರೆ ಪ್ರಯೋಜನವೇನು? ಅರ್ಜಿಯ ಜೊತೆಗೇ, ಅದು ತೀರ್ಮಾನವಾಗುವವರೆಗೆ ಸಜೆಯನ್ನು ಅಮಾನತಿನಲ್ಲಿಟ್ಟು ಜಾಮೀನಿನ ಮೇಲೆ ಬಿಡಬೇಕೆಂದು ಮಧ್ಯಂತರ ಕೋರಿಕೆ ಹಾಕಿಸಿ. ಅದು ಸಿಕ್ಕೇ ಸಿಗುತ್ತದೆ ಎಂದು ಯಾವ ವಕೀಲನಾದರೂ ಹೇಳಿದರೆ ನಂಬಬೇಡಿ. ಬಂಧನದ ಆರಂಭದಲ್ಲಿ ಅವನು ಒಳಗಿದ್ದ ದಿನಗಳು 428ನೇ ಕಲಮಿನಂತೆ ಸಜೆಯಲ್ಲಿ ಕಳೆಯಲ್ಪಟ್ಟಿವೆಯೇ ಎಂಬುದನ್ನೂ ಜೈಲಿನ ಕಚೇರಿಯಲ್ಲಿ ಪರಿಶೀಲಿಸಿ. ಪ್ಲೀ ಬಾರ್ಗೇನಿಂಗ್ ಪ್ರಕರಣಗಳಿಗೂ ಆ ಅವಕಾಶವನ್ನು 265ಐ ಕಲಮು ಕೊಟ್ಟಿದೆ.

ಹೈಕೋರ್ಟ್ ನಿಮ್ಮ ವಾದವನ್ನು ಒಪ್ಪಿದರೆ ಎರಡು ರೀತಿಯ ಆದೇಶ ಬರಬಹುದು. ತಾನೇ ಪ್ರೊಬೇಷನ್ ಕೊಡಬಹುದು, ಅಥವಾ ಸಜೆಯ ಭಾಗವನ್ನು ಮಾತ್ರ ರದ್ದುಪಡಿಸಿ ಪ್ರೊಬೇಷನ್ ವಿಷಯವನ್ನು ಕೇಳಿ ತೀರ್ಮಾನಿಸುವಂತೆ ಕೆಳಗಿನ ನ್ಯಾಯಾಲಯಕ್ಕೆ ಕಳುಹಿಸಬಹುದು. ಎರಡನೆಯದಾದರೆ ಕೆಳಗಿನ ನ್ಯಾಯಾಲಯ ಕಾರಣ ಬರೆದು ಮತ್ತೆ ಸಜೆಯನ್ನೇ ವಿಧಿಸುವ ಸಾಧ್ಯತೆಯೂ ಇದೆ. ಪ್ರೊಬೇಷನ್ ಅಧಿಕಾರಿಯ ವರದಿ ಆಗ ಮುಖ್ಯವಾಗುತ್ತದೆ, ಅವರು ಊರಿಗೆ ಬಂದು ವಿಚಾರಿಸಿದರೆ ಮುಚ್ಚುಮರೆ ಮಾಡದೆ ಇದ್ದುದನ್ನು ಇದ್ದಂತೆ ಹೇಳಿ. 1958ರ ಅಧಿನಿಯಮದ ಅಡಿಯಲ್ಲಿ ಬಿಡುಗಡೆಯಾದರೆ ಅದರ 12ನೇ ಕಲಮಿನಂತೆ ಅಪರಾಧ ನಿರ್ಣಯಕ್ಕೆ ಅಂಟಿಕೊಳ್ಳುವ ಅನರ್ಹತೆಗಳು ಅವನಿಗೆ ತಗುಲುವುದಿಲ್ಲ. ಮುಂದೆ ಎಲ್ಲಿಯಾದರೂ ಕೆಲಸಕ್ಕೆ ಅರ್ಜಿ ಹಾಕುವಾಗ ಪ್ರಕರಣದ ಬಗ್ಗೆ ಕೇಳಿದರೆ ಮಾತ್ರ ಮುಚ್ಚಿಡಬಾರದು.

ಪಕ್ಕದ ತೋಟದವರು ಯೋಚಿಸಲಿ, ಅವರಿಗೆ ಸಮಯ ಬೇಕು. ಅವರು ಮನಸ್ಸು ಮಾಡಿ ಪ್ರಮಾಣಪತ್ರ ಕೊಟ್ಟರೆ ಸಾಗರದ ವಕೀಲೆಯವರು ಹೇಳಿದ ದಾರಿಯಲ್ಲಿ ಬೇರೆ ಅರ್ಜಿ ಹಾಕಬಹುದು. ಕೊಡದಿದ್ದರೂ ಸಜೆಯ ಅರ್ಜಿಗೆ ಅದರಿಂದ ಯಾವ ತೊಂದರೆಯೂ ಇಲ್ಲ. ನಾಳೆಯೇ ಜೈಲಿನಲ್ಲಿ ವಕಾಲತ್ತಿಗೆ ಅವನ ಸಹಿ ಮಾಡಿಸಿ, ಅರ್ಜಿಯ ಕರಡನ್ನು ಅವನಿಗೆ ಪೂರ್ತಿ ಓದಿ ಹೇಳಿ ಆಮೇಲೆ ಸಲ್ಲಿಸಿ.